ಪೆತ್ಕಾಳ ಎರಡು ಕಣ್ಣು

ಟಕ್, ಟಕ್, ಟಕಟಕ. ಸಂಜೆ ಪ್ರಾರ್ಥನೆಯ ಹೊತ್ತಿಗೆ ಜಹಾರಿಯಾ ಚರ್ಚಿನ ಜಗಲಿಯಲ್ಲಿ ಗಂಟೆಯ ಬದಲು ತೂಗುಬಿಟ್ಟ ಮರದ ಹಲಗೆ ಬಡಿಯುತ್ತಾನೆ. ಸದ್ದು ದಿಬ್ಬ ಇಳಿದು ದೋಸ್ತಾಳ ಅಂಗಳಕ್ಕೆ ಬರುತ್ತದೆ. ಅದು ಕೇಳಿದರೆ ಸಾಕು, ಪೋಣಿಸುತ್ತಿದ್ದ ಮೆಣಸಿನಕಾಯಿ ಸರವನ್ನು ಬದಿಗಿಟ್ಟು ಅವಳ ಕೈ ಸೊಂಟದಲ್ಲಿನ ಚರ್ಚಿನ ಕೀಲಿಕೈಗೆ ಹೋಗುವುದು ವಾಡಿಕೆ. ಈ ಸಂಜೆ ಕೈ ಹೋಗಲಿಲ್ಲ. ಕೀಲಿಕೈ ಹಿಟ್ಟಿನ ಡಬ್ಬಿಯ ತಳದಲ್ಲಿತ್ತು. ಬಚ್ಚಿಟ್ಟವಳು ಅವಳೇ.

ಸಾಲಾಗಿ ಹೆಣ್ಣುಗಳೇ ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ದೋಸ್ತಾ, ಅಂದರೆ 'ಸಾಕು', ಎಂದು ಹೆಸರಿಟ್ಟಿದ್ದರು. ಆ ಸಾಕಾದ ಮಗುವಿಗೆ ಕಣ್ಣುಬೇನೆ ಬಂದು ರೆಪ್ಪೆ ಅಂಟಿ, ಬೆಳಕೇ ಆರಿಹೋದಾಗ ಅವ್ವ ಅದನ್ನು ಬೆನ್ನಿಗೆ ಕಟ್ಟಿಕೊಂಡು ಚರ್ಚಿಗೆ ಹೋದಳು. ಕಣ್ಣಿನ ಕಾಯಿಲೆಗೆ ಈ ಊರಿಗೆಲ್ಲ ಸಂತ ಪೆತ್ಕಾಳೇ ದಿಕ್ಕು. ದೋಸ್ತಾಳಿಗೆ ಕೇಳಿಸಿದ್ದು ಚಾಕು ಗೋಡೆಯ ಚಿತ್ರವನ್ನು ಕೆರೆಯುವ ಕರಕರ, ನಡುನಡುವೆ ಅವ್ವನ ಪಿಸುಮಾತು: "ತಪ್ಪಾಯ್ತು ತಾಯಿ, ತಪ್ಪಾಯ್ತು." ಆ ಬಣ್ಣದ ಪುಡಿಯನ್ನು ಊಟೆಯ ಒರತೆ ನೀರಲ್ಲಿ ಕದಡಿ ಹಚ್ಚಿದರು. ರೆಪ್ಪೆ ಬಿಚ್ಚಿತು. ಹರಕೆ ತೀರಿಸಲು ಹೋದ ದಿನ ಮಗು ಗೋಡೆಯ ಚಿತ್ರದಲ್ಲಿ ಕೆಂಪು ಮುಸುಕಿನ ಹೆಂಗಸನ್ನು ಕಂಡಿತು; ಅವಳೇ ಪೆತ್ಕಾ. ಕಣ್ಣಿರಬೇಕಾದಲ್ಲಿ ಎರಡು ಬಿಳಿ ಗುಳಿ.

ಮುಂದೆ ಅದೇ ಊರಿನಲ್ಲಿ ಮದುವೆಯಾಯಿತು. ಅತ್ತೆ ಸತ್ತಾಗ ಚರ್ಚಿನ ಕೀಲಿಕೈ ಇವಳ ಸೊಂಟಕ್ಕೆ ಬಂತು. ತಲೆ ಬಗ್ಗಿಸಿ ನುಗ್ಗಬೇಕಾದ ಬಾಗಿಲು, ಗವಿಯಂತೆ ಬಾಗಿದ ಕಲ್ಲಿನ ಚಾವಣಿ, ಬೆರಳಗಲದ ಕಿಟಕಿ. ಮಸಿ ಹಿಡಿದ ಗೋಡೆಯ ಕೆಳಸಾಲಿನಲ್ಲಿ ಆಳೆತ್ತರದ ಸಂತರು. ಬೇರೆಯವರೆಲ್ಲ ಇವಳನ್ನೇ ನೋಡುತ್ತಿದ್ದರು. ಪೆತ್ಕಾ ಮಾತ್ರ ನೋಡುತ್ತಿರಲಿಲ್ಲ. ಎರವಲು ಬಟ್ಟೆ ತೊಟ್ಟವಳು ಒಡತಿಯ ಎದುರು ಸುಳಿಯುವಂತೆ ದೋಸ್ತಾ ಎದುರು ಗೋಡೆಗೆ ಅಂಟಿಕೊಂಡೇ ದಾಟುತ್ತಿದ್ದಳು. ಆ ಕಣ್ಣು ಏನಾಯಿತೆಂದು ಹೊರಗಿನವರು ಯಾರಾದರೂ ಕೇಳಿದರೆ, ಹಿಂದೆ ಸಿಪಾಯಿಗಳು ಕಿತ್ತದ್ದು ಎನ್ನುತ್ತಿದ್ದಳು.

ಈಗ ಆ ಗುಳಿಗಳಲ್ಲಿ ಕಣ್ಣು ಬರೆಯಲು ಪಾದ್ರಿ ಸ್ಕೋಪ್ಯೆ ನಗರದಿಂದ ಕೊಸಾರಾ ಎಂಬ ಚಿತ್ರಗಾತಿಯನ್ನು ಕರೆಸಿದ್ದರು. ಅವಳು ಬಂದಂದಿನಿಂದ, ಕೀಲಿಕೈ ಕಳೆದಿದೆ ಎಂದು ದೋಸ್ತಾ ಹೇಳುತ್ತಿದ್ದಳು.

ಹಲಗೆಯ ಸದ್ದು ನಿಂತಿತು. ಜಹಾರಿಯಾ, ಅಂದರೆ ದೋಸ್ತಾಳ ಗಂಡನ ಅಣ್ಣ, ಕೊಸಾರಾಳನ್ನು ಕರೆದುಕೊಂಡು ಅಂಗಳಕ್ಕೆ ಇಳಿದ.

"ಇನ್ನೂ ಸಿಗಲಿಲ್ವೇನೇ? ಬೀಗ ಹಾಕಿದ ಬಾಗಿಲ ಮುಂದೆ ಹಲಗೆ ಕುಟ್ತಾ ಇದ್ದೀನಿ, ಒಳ್ಳೆ ಮರಕುಟಿಗನ ಥರ!"

"ಮೂಗು ಮೊದಲಿಂದ್ಲೂ ಹಾಗೇ ಇತ್ತಲ್ಲ ಭಾವ, ಈಗ ಕೆಲಸಾನೂ ಸಿಕ್ತು ಬಿಡಿ."

ಕೊಸಾರಾ ನಕ್ಕಳು. "ಅಜ್ಜಿ, ಹಬ್ಬ ಹತ್ರ ಬಂತು. ಹುಡುಕಿ ಕೊಡಿ. ಪಾಪ, ಎಷ್ಟು ಕಾಲದಿಂದ ಕುರುಡಿ ಹಾಗೆ ನಿಂತಿದ್ದಾಳೆ ಪೆತ್ಕಾ."

ದೋಸ್ತಾ ಎದ್ದು ಒಳಗೆ ಹೋದಳು. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು, ಕೀಲಿಕೈ ಹಿಡಿದು ಬಂದಳು. ಕೊಡಲಿಲ್ಲ.

"ಅವಳಿಗೆ ಕಣ್ಣು ಬಂದ್ರೆ, ತಗೊಂಡೋರದ್ದು ಹೋಗುತ್ತಾ ಮಗಳೇ?"

ಕೊಸಾರಾ ಅರ್ಥವಾಗದೆ ಜಹಾರಿಯಾನ ಮುಖ ನೋಡಿದಳು. ಅವನು ಟೋಪಿ ತೆಗೆದು ನೆಲ ನೋಡಿದ.

"ಇವಳು ಮಗುವಾಗಿದ್ದಾಗ ಇವಳವ್ವ ಕೆರೆದು ಹಚ್ಚಿದ್ದು ಆ ಕಣ್ಣು," ಎಂದ. "ಊರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡಲ್ಲ."

"ಒಂದೇ ಕಣ್ಣು ಬರಿ," ಎಂದಳು ದೋಸ್ತಾ. "ಎಡಗಣ್ಣು. ಒಂದು ಅವಳಿಗೆ, ಒಂದು ನನಗೆ."

"ಅಯ್ಯೋ ಅಜ್ಜಿ, ಒಂದೇ ಬರೆದ್ರೆ ಪಾದ್ರಿಗಳು ನನ್ನ ಸುಮ್ನೆ ಬಿಡ್ತಾರಾ?"

"ಇನ್ನೊಂದು ನಾನು ಸತ್ತ ಮೇಲೆ ಬರಿ. ಜಾಸ್ತಿ ಕಾಯಿಸಲ್ಲ ನಿನ್ನ."

ಕೊಸಾರಾ ಆ ಮುದಿ ಕಣ್ಣುಗಳನ್ನೇ ನೋಡಿದಳು. ಆಮೇಲೆ ಆಗಲಿ ಎಂದು ತಲೆಯಾಡಿಸಿ ಕೈ ಚಾಚಿದಳು.

ಕೀಲಿಕೈ ಕೊಟ್ಟ ದೋಸ್ತಾ ಊಟೆಯ ದಾರಿ ಹಿಡಿದಳು. ನಾಲ್ಕು ಹೆಜ್ಜೆ ಹೋಗಿ, ಹಿಟ್ಟು ಮೆತ್ತಿದ ಅಂಗೈಯಿಂದ ಎಡಗಣ್ಣು ಮುಚ್ಚಿಕೊಂಡಳು. ಉಳಿದೊಂದು ಕಣ್ಣಿಗೆ ಕಲ್ಲುಗೋಡೆ ತುಸು ಹತ್ತಿರ ಬಂದಂತಿತ್ತು, ಹಿಪ್ಪುನೇರಳೆ ಮರ ಇದ್ದಲ್ಲೇ ಇತ್ತು, ಅದರಾಚೆ ಕೆಂಪು ಮುಸುಕು ಹೊದ್ದ ಯಾರೋ ನಿಂತಂತೆ ಕಂಡು, ಬೆನ್ನ ಹಿಂದೆ ಬೀಗ ತೆರೆಯುವ ಸದ್ದು ಕೇಳುತ್ತಿದ್ದರೂ ತಿರುಗಿ ನೋಡದೆ, ಅವಳು ಮೆಲ್ಲಗೆ ಆ ಕಡೆಗೇ ನಡೆದಳು.