ಕಾಕಾ ಗಾಡಿ ಬಂದ್ ಮಾಡದ ಆ ಒಂದು ಸಿಗ್ನಲ್ಲು

ಹೋದ ತಿಂಗಳು ಬಾಗಲಕೋಟೆಯಲ್ಲಿ ಆಟೋ ಹತ್ತಿ ಹೊರಟಿದ್ದೆ. ಸಿಗ್ನಲ್ಲಿನಲ್ಲಿ ನಮ್ಮ ಮುಂದೆ ಹಳೆಯ ಟೆಂಪೊ ಒಂದು ಗುರುಗುಟ್ಟುತ್ತ ನಿಂತು ಕರಿ ಹೊಗೆಯನ್ನು ನೇರ ಮುಖಕ್ಕೆ ಬಿಡುತ್ತಿತ್ತು. ಅರೆಬೆಂದ ಡೀಸೆಲ್ಲಿನ ಆ ವಾಸನೆ ಗಂಟಲಿಗೆ ಇಳಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿ ಮುಂದಕ್ಕೆ ಬಾಗಿ ಕುಳಿತೆ. ಆಟೋದವನು ತಿರುಗಿ ನೋಡಿ, "ಯಾಕ್ರಿ ಅಕ್ಕಾರ, ಆರಾಮ ಇಲ್ಲೇನ್ರಿ?" ಎಂದ. ಏನಿಲ್ಲ ಎಂದೆ. ವರ್ಷಗಳಿಂದ ಎಲ್ಲರಿಗೂ ಹಾಗೆಯೇ ಹೇಳುತ್ತ ಬಂದಿದ್ದೇನೆ…

ರಬಕವಿಯಲ್ಲಿ ನಮ್ಮ ಪಕ್ಕದ ಮನೆ ಡ್ರೈವರ್ ಕಾಕಾನದು. ರಕ್ತಸಂಬಂಧ ಏನೂ ಇರಲಿಲ್ಲ. ಓಣಿಯ ಮಂದಿಯೆಲ್ಲ ಅವನನ್ನು ಕಾಕಾ ಎನ್ನುತ್ತಿದ್ದರು. ಅವನ ಬಳಿ ಹಳೆಯ ಡೀಸೆಲ್ ಕಾರೊಂದಿತ್ತು. ಮದುವೆಗೆ, ದವಾಖಾನೆಗೆ, ಬಾಣಂತಿಯನ್ನು ತವರಿನಿಂದ ಕರೆತರಲು ಎಲ್ಲದಕ್ಕೂ ಅದೇ ಗಾಡಿ. ಕಾಕಾನಿಗೆ ಒಂದು ರೂಢಿ. ಗಾಡಿ ಎಲ್ಲಿ ನಿಂತರೂ ಸರಿ, ರೈಲ್ವೆ ಗೇಟಿರಲಿ, ಕಬ್ಬಿನ ಟ್ರ್ಯಾಕ್ಟರಿನ ಸಾಲಿರಲಿ, ಪ್ಯಾಟಿಯ ಸಿಗ್ನಲ್ಲಿರಲಿ, ತಕ್ಷಣ ಕೀಲಿ ತಿರುವಿ ಎಂಜಿನ್ ಬಂದ್ ಮಾಡುತ್ತಿದ್ದ. ಜಿಪುಣ ಎಂದು ಜನ ನಗುತ್ತಿದ್ದರು. "ನಿಂತ ಗಾಡಿ ಮಂದಿಗೆ ಹೊಗಿ ಯಾಕ ಕುಡಿಸಬೇಕಲೇ?" ಎಂದು ಅವನೂ ನಗುತ್ತಿದ್ದ.

ಆ ರೂಢಿಗೆ ಕಾರಣ ನಮ್ಮ ಅಪ್ಪ. ಮೂವತ್ತು ವರ್ಷ ಪವರ್‌ಲೂಮಿನ ಮುಂದೆ ನಿಂತು ಹತ್ತಿಯ ಧೂಳು ಕುಡಿದ ಎದೆ ಅವನದು. ಸ್ವಲ್ಪ ಹೊಗೆ ತಗುಲಿದರೂ ತಾಸುಗಟ್ಟಲೆ ಕೆಮ್ಮುತ್ತಿದ್ದ. ಅದಕ್ಕೇ ಕಾಕಾ ಬೆಳಗಿನ ಹೊತ್ತು ಗಾಡಿಯನ್ನು ಮನೆ ಮುಂದೆ ಚಾಲೂ ಮಾಡುತ್ತಿರಲಿಲ್ಲ. ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ಹೆಗಲು ಕೊಟ್ಟು, ಒಬ್ಬನೇ ಓಣಿಯ ತುದಿಯವರೆಗೂ ನೂಕಿಕೊಂಡು ಹೋಗಿ ಅಲ್ಲಿ ಚಾಲೂ ಮಾಡುತ್ತಿದ್ದ. ನಾನು ಅಂಗಳ ಗುಡಿಸುತ್ತ ದಿನವೂ ನೋಡುತ್ತಿದ್ದೆ. ಅದರಲ್ಲಿ ವಿಶೇಷವೇನಾದರೂ ಇದೆ ಎಂದು ಆಗ ಅನಿಸಿರಲಿಲ್ಲ.

ನಾನು ಬನಹಟ್ಟಿಯಲ್ಲಿ ಕಾಲೇಜು ಓದುತ್ತಿದ್ದ ವರ್ಷ, ಒಂದು ಮಧ್ಯಾಹ್ನ ಊಟಕ್ಕೆ ಕುಳಿತ ಅಪ್ಪನಿಗೆ ಉಸಿರು ಕಟ್ಟಿತು. ಅವ್ವ ಮುಧೋಳದ ತವರಿಗೆ ಹೋಗಿದ್ದಳು. ಊರಿನ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟು, "ಇಲ್ಲಿ ಆಗೂದಿಲ್ಲವಾ, ತಡಾ ಮಾಡಬ್ಯಾಡ್ರಿ, ಮಿರಜಕ್ಕ ಒಯ್ರಿ" ಎಂದರು. ಕಾಕಾ ಉಣ್ಣುವುದನ್ನು ಬಿಟ್ಟು ಎದ್ದು ಬಂದ. ಅಪ್ಪನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲಿಟ್ಟ.

ಆ ಗಾಡಿಯ ತಳ ತುಕ್ಕು ಹಿಡಿದು ತೂತು ಬಿದ್ದಿತ್ತು. ಓಡುವಾಗ ಗಾಳಿಗೆ ಹೊಗೆ ಹಿಂದೆ ಹೋಗುತ್ತಿತ್ತು. ನಿಂತರೆ ಮಾತ್ರ ಒಳಗೆ ತುಂಬುತ್ತಿತ್ತು. ರೈಲ್ವೆ ಗೇಟಿನಲ್ಲಿ ನಿಂತಾಗ ಕಾಕಾ ರೂಢಿಯಂತೆ ಬಂದ್ ಮಾಡಿದ. ಅಪ್ಪ ಸ್ವಲ್ಪ ಹಗುರಾಗಿ ಉಸಿರಾಡಿದ. ಆದರೆ ಗೇಟು ತೆರೆದಾಗ ಗಾಡಿ ಚಾಲೂ ಆಗಲಿಲ್ಲ. ಕೀಲಿ ತಿರುವಿದಷ್ಟೂ ಒಳಗೆ ಏನೋ ಕಟಕಟ ಎನ್ನುವುದು, ಸುಮ್ಮನಾಗುವುದು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾರರ ಬರ್ರೀ… ನೂಕ್ರೀ…" ಎಂದು ಕಿರುಚಿದೆ. ಟ್ರ್ಯಾಕ್ಟರಿನವರು ಇಳಿದು ಬಂದು ನೂಕಿದರು. ಗಾಡಿ ಚಾಲೂ ಆಗುವಷ್ಟರಲ್ಲಿ ಅಪ್ಪನ ಉಗುರುಗಳು ನೀಲಿಯಾಗಿದ್ದವು.

ಮಿರಜಿನಲ್ಲಿ ದವಾಖಾನೆ ಇನ್ನೇನು ಬಂತು ಎನ್ನುವಾಗ ಸಿಗ್ನಲ್ಲು ಕೆಂಪಾಯಿತು. ಕಾಕಾನ ಕೈ ಕೀಲಿಗೆ ಹೋಯಿತು.

"ಬಂದ್ ಮಾಡಬ್ಯಾಡ ಕಾಕಾ!" ನಾನು ಮುಂದೆ ಬಾಗಿ ಅವನ ರಟ್ಟೆ ಹಿಡಿದೆ. "ಮತ್ತ ಚಾಲೂ ಆಗಲಿಲ್ಲಂದ್ರ? ಅಪ್ಪ ಹೊಕ್ಕಾನ!"

"ಹೊಗಿ ತುಂಬತೈತಿ ತಂಗಿ. ಅಣ್ಣಗ ತಡಿಯೂದಿಲ್ಲ."

"ಬ್ಯಾಡ ಅಂದ್ರ ಬ್ಯಾಡ! ನಿನ್ನ ಕಾಲ ಬೀಳತೇನಿ!"

ಕನ್ನಡಿಯಲ್ಲಿ ನನ್ನ ಮುಖವನ್ನೊಮ್ಮೆ ನೋಡಿ ಕಾಕಾ ಕೈ ಹಿಂದಕ್ಕೆ ತೆಗೆದ. ಹಸಿರು ಬಿದ್ದರೂ ಮುಂದಿನ ಸಾಲು ಸರಿಯಲಿಲ್ಲ. ಮತ್ತೆ ಕೆಂಪಾಯಿತು. ಒಳಗೆಲ್ಲ ಹೊಗೆ. ನಾನು ಸೆರಗಿನಿಂದ ಗಾಳಿ ಬೀಸುತ್ತಿದ್ದೆ. ಅಪ್ಪ ಕಷ್ಟಪಟ್ಟು ಕೈ ಎತ್ತಿ ಕಾಕಾನ ಕಡೆ ತೋರಿಸಿದ. ಹೆದರಬೇಡ ಅಪ್ಪಾ ಎಂದು ನಾನು ಆ ಕೈಯನ್ನು ಹಿಡಿದು ಎದೆಗೆ ಒತ್ತಿಕೊಂಡೆ. ಬಂದ್ ಮಾಡಿಸು ಎಂದು ಅವನು ಹೇಳುತ್ತಿದ್ದನೆಂದು ಆಮೇಲೆ ನನಗೆ ಹೊಳೆಯಿತು… ಆ ಕೈ ನನ್ನ ಎದೆಯ ಮೇಲೆಯೇ ಸಡಿಲಾಯಿತು. ದವಾಖಾನೆಯ ಬಾಗಿಲಲ್ಲಿ ಡಾಕ್ಟರು ನಾಡಿ ಹಿಡಿದು ನೋಡಿ, ತಲೆ ಅಲ್ಲಾಡಿಸಿದರು.

ಸಂಜೆ ಮನೆಗೆ ತಂದಾಗ ಅವ್ವ ಬಂದಿದ್ದಳು. "ಏನಾತು? ಹೆಂಗಾತು?" ಎಂದು ನನ್ನ ಹೆಗಲು ಹಿಡಿದು ಅಲುಗಿಸಿದಳು. ಓಣಿಯ ಮಂದಿಯೆಲ್ಲ ಕೂಡಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟು: "ಕಾಕಾನ ಗಾಡ್ಯಾಗ ಹೊಗಿ ತುಂಬಿತು… ಅಂವ ಬಂದ್ ಮಾಡಲಿಲ್ಲ."

ಅವ್ವ ಕಾಕಾನ ಅಂಗಿ ಹಿಡಿದು ಜಗ್ಗಿ, "ಊರ ಮಂದಿಗೆಲ್ಲ ಗಾಡಿ ಬಂದ್ ಮಾಡತಿದ್ದಿ, ನನ್ನ ಗಂಡ ಕುಂತಾಗ ನಿನಗೇನಾಗಿತ್ತೋ?" ಎಂದು ಅತ್ತಳು. ಕಾಕಾ ನನ್ನ ಕಡೆ ಒಮ್ಮೆ ನೋಡಿದ. ಒಂದೇ ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. "ತಪ್ಪಾತ್ರಿ ವೈನಿ" ಎಂದು ತಲೆ ತಗ್ಗಿಸಿದ.

ನನ್ನ ಆ ಒಂದು ಮಾತು ಊರೆಲ್ಲ ಸುತ್ತಿತು. ಆ ಗಾಡಿಯಲ್ಲಿ ರೋಗಿಯನ್ನು ಕೂರಿಸಿದರೆ ಉಳಿಯುವುದಿಲ್ಲ ಎಂದರು. ಮೊದಲು ದವಾಖಾನೆಯ ಬಾಡಿಗೆ ನಿಂತಿತು, ಆಮೇಲೆ ಮದುವೆಯದೂ. ಕಾಕಾ ಗಾಡಿ ಮಾರಿ, ಪವರ್‌ಲೂಮಿನ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುವ ಕೆಲಸಕ್ಕೆ ಹೋದ. ಎದುರು ಸಿಕ್ಕರೆ, "ಕಾಲೇಜ ಹೆಂಗ ನಡದೈತಿ ತಂಗಿ?" ಎಂದು ಅವನೇ ಕೇಳುತ್ತಿದ್ದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ನನಗೆ ಜಮಖಂಡಿಯ ಶಾಲೆಯಲ್ಲಿ ನೌಕರಿ ಆಯಿತು, ಲಗ್ನವೂ ಆಯಿತು. ಹಾಗೆಯೇ ಒಂದು ದಿನ ಕಾಕಾ ಹೋದನೆಂದು ಅವ್ವ ಫೋನಿನಲ್ಲಿ ಹೇಳಿದಳು. ಪರೀಕ್ಷೆ ನಡೆದಿದೆ ಎಂದು ನೆವ ಹೇಳಿ ಮಣ್ಣಿಗೂ ಹೋಗಲಿಲ್ಲ. ಆ ಮುಖ ನೋಡುವ ಧೈರ್ಯ ಇರಲಿಲ್ಲ.

ಬಾಗಲಕೋಟೆಯಿಂದ ಬಂದ ಮೇಲೆ ನಿದ್ದೆ ಹತ್ತದಾಯಿತು. ಮೊನ್ನೆ ಭಾನುವಾರ ರಬಕವಿಗೆ ಹೋಗಿ ಕಾಕಾನ ಹೆಂಡತಿ ಕಾಕೂನ ಎದುರು ಕುಳಿತು ಎಲ್ಲ ಹೇಳಿದೆ. ಗಾಡಿ ಬಂದ್ ಮಾಡಬೇಡ ಎಂದವಳು ನಾನೇ ಎಂದೆ. ಕಾಲು ಹಿಡಿಯಲು ಹೋದರೆ ಅವಳು ಬಿಡಲಿಲ್ಲ.

"ಗೊತ್ತೈತಿ ನನಗ. ಅವತ್ತ ನಮ್ಮವರು ಬಂದು ಹೇಳಿದ್ರು," ಎಂದಳು. "ಕೂಸು ಹೆದರಿತ್ತು, ಅದರ ಮಾತ ಕೇಳಿ ನಾ ಕೆಟ್ಟೆ, ಬಂದ್ ಮಾಡಬೇಕಿತ್ತು ಅಂತಿದ್ರು. ಅದೊಂದ ಮಾತ ಸಾಯೂತನಾ. ನಾ ಹೋಗಿ ಖರೆ ಏನಂತ ಹೇಳಿ ಬರ್ತೇನಿ ಅಂದ್ರ ಆಣಿ ಹಾಕಿದ್ರು ನನಗ. ಅಪ್ಪನ ಕಳಕೊಂಡ ಹುಡುಗಿ, ಅದರ ಮ್ಯಾಲ ಇದನ್ನೂ ಹೊರಸಬ್ಯಾಡ ಅಂದ್ರು."

ಕಾಕೂ ನನ್ನ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ, ಬೈಯುವ ದನಿಯೂ ಅಲ್ಲ ಅದು, ಮೆಲ್ಲಗೆ ಅಂದಳು:

"ಅವರು ಇದ್ದಾಗ ಬರಬೇಕಿತ್ತು ತಂಗಿ ನೀ."