ಸಿಡಿಲವ್ವನನ್ನು ವಿಜಯಲಕ್ಷ್ಮಿ ಬಿಟ್ಟದ್ದು

ವಿಜಯಲಕ್ಷ್ಮಿ ಸಿಡಿಲವ್ವನ ಕಾಮಿಕ್ಸ್ ಬರೆಯುವುದನ್ನು ಬಿಟ್ಟಳು ಎಂಬ ಸುದ್ದಿ ಹಬ್ಬಿದಾಗ ಜನ ಬಾಯಿಗೆ ಬಂದದ್ದನ್ನೆಲ್ಲ ಆಡಿದರು. ಪ್ರಶಸ್ತಿ ಬಂದ ಮೇಲೆ ತಲೆ ತಿರುಗಿದೆ ಎಂದರು. ಬೇರೆ ಕಂಪನಿ ಕರೆದಿರಬೇಕು ಎಂದರು. ಕತೆ ಬತ್ತಿಹೋಗಿದೆ, ಹೇಳಿಕೊಳ್ಳಲು ನಾಚಿಕೆ ಎಂದವರೂ ಇದ್ದರು. ಆಡುವ ಬಾಯಿಗೆ ಬೀಗ ಹಾಕುವವರು ಯಾರು? ಬಿಟಿಎಂ ಲೇಔಟಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಏನು ನಡೆಯಿತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಸಿಂದಗಿ ಕಡೆಯವಳಾದ ವಿಜಯಲಕ್ಷ್ಮಿ ಹನ್ನೆರಡು ವರ್ಷದ ಹಿಂದೆ ತಾಯಿ ದುಂಡವ್ವನ ಜೊತೆ ಇಲ್ಲಿಗೆ ಬಂದವಳು. ಹಗಲು ವಿಮಾ ಕಚೇರಿಯೊಂದರಲ್ಲಿ ಆಸ್ಪತ್ರೆ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ. ದುಂಡವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಸುತ್ತಲಿನ ಪಿಜಿ ಹಾಸ್ಟೆಲುಗಳಿಗೆ ಕೊಡುತ್ತಾಳೆ. ಬಸ್ಸಿನಲ್ಲೋ ಅಂಗಡಿಯಲ್ಲೋ ಆಕೆ ಬಾಯಿ ತೆರೆದರೆ ಸಾಕು, ಪಕ್ಕದವರ ಮುಖದಲ್ಲಿ ಸಣ್ಣದೊಂದು ನಗು. ಕೆಟ್ಟ ಮನಸ್ಸಿನ ನಗುವಲ್ಲ, ಸೀರಿಯಲ್ಲು ನೋಡಿ ಕಲಿತ ನಗು. ಆ ಭಾಷೆ ಕೇಳಿಸಿತೆಂದರೆ ಇನ್ನೇನೋ ತಮಾಷೆ ಇದೆ ಎಂದು ಕಾಯುವ ನಗು. ದುಂಡವ್ವ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದಳು. ಮಗಳ ಮೈ ಮಾತ್ರ ಉರಿಯುತ್ತಿತ್ತು.

ಸಿಡಿಲವ್ವ ಹುಟ್ಟಿದ್ದು ಆ ಉರಿಯಲ್ಲಿ. ಪಿಜಿಯೊಂದರಲ್ಲಿ ರೊಟ್ಟಿ ಬಡಿಯುವ ಹೆಂಗಸು, ಗುಡುಗು ಕೇಳಿದರೆ ಅವಳ ತೋಳಿಗೆ ಆನೆಬಲ. ಕುಸಿಯುವ ಮೇಲ್ಸೇತುವೆಯನ್ನು ಹೆಗಲ ಮೇಲೆ ಹಿಡಿದು ನಿಲ್ಲುತ್ತಾಳೆ, ಬ್ರೇಕು ತಪ್ಪಿದ ನೀರಿನ ಟ್ಯಾಂಕರನ್ನು ಒಂದೇ ಅಂಗೈಯಲ್ಲಿ ತಡೆಯುತ್ತಾಳೆ. ಬಂದ ಕೂಡಲೇ ಅನ್ನುವುದು ಒಂದೇ ಮಾತು: “ಅಂಜಬ್ಯಾಡ್ರಿ, ನಾ ಬಂದೇನಿ.”

ಪ್ರತಿ ಕತೆಯನ್ನೂ ವಿಜಯಲಕ್ಷ್ಮಿ ಮೊದಲು ತಾಯಿಗೆ ಓದಿ ಹೇಳುತ್ತಿದ್ದಳು. ದುಂಡವ್ವನಿಗೆ ಅಕ್ಷರ ಬಾರದು. ರೊಟ್ಟಿ ಬಡಿಯುತ್ತಲೇ ಕೇಳುವಳು. ಮಾತು ಸರಿಯಿದ್ದರೆ ಕೈ ಒಂದೇ ಸಮನೆ ಬಡಿಯುತ್ತಿತ್ತು. ಎಲ್ಲಿ ಕೈ ನಿಂತಿತೋ ಅಲ್ಲಿ ಮಾತು ಸುಳ್ಳಾಗಿದೆ ಎಂದರ್ಥ. “ಈಕಿ ಹಿಂಗ ಅನ್ನಂಗಿಲ್ಲವ್ವಾ,” ಎನ್ನುವಳು. ಮಗಳು ಅಲ್ಲೇ ಹೊಡೆದುಹಾಕಿ ಬೇರೆ ಬರೆಯುವಳು. ಏಳು ವರ್ಷ, ಅರವತ್ತು ಸಂಚಿಕೆ ಹೀಗೇ ಆದವು. ಜಯನಗರದ ಮಕ್ಕಳು ಜಾರುಬಂಡೆಯ ತುದಿಯಲ್ಲಿ ನಿಂತು “ಅಂಜಬ್ಯಾಡ್ರಿ” ಎಂದು ಕೂಗುವುದನ್ನು ಒಂದು ಭಾನುವಾರ ದುಂಡವ್ವ ಕಿವಿಯಾರೆ ಕೇಳಿದಳು. ಅಂದಿನಿಂದ ಬಸ್ಸಿನಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಮಾತಾಡತೊಡಗಿದ್ದಳು.

ಈ ವರ್ಷ ಸಿಡಿಲವ್ವ ಟಿವಿ ಕಾರ್ಟೂನ್ ಆಗುವ ಮಾತು ಬಂತು. ಪ್ರಕಾಶನ ಕಂಪನಿಯ ವಿಶ್ರುತ್ ತನ್ನ ಜೆ.ಪಿ. ನಗರದ ಕಚೇರಿಗೆ ವಿಜಯಲಕ್ಷ್ಮಿಯನ್ನು ಕರೆದು ಕಾಫಿ ಕೊಟ್ಟ. ಆಮೇಲೆ ಟಿವಿಗೆಂದು ಕಂಪನಿಯೇ ಬರೆಸಿದ್ದ ಹೊಸ ಕತೆಯ ಪ್ರತಿ ಕೊಟ್ಟು, ಇನ್ನು ಮುಂದೆ ಹೀಗೇ ಬರೆಯಬೇಕು ಎಂದ.

“ಮೇಡಂ, ಸಿಡಿಲವ್ವ ಇನ್ಮೇಲೆ ಎಲ್ರಿಗೂ ಅರ್ಥ ಆಗೋ ಕನ್ನಡ ಮಾತಾಡ್ತಾಳೆ.”

“ಈಗ ಯಾರಿಗೆ ಅರ್ಥ ಆಗಿಲ್ರಿ?”

“ಹಂಗಲ್ಲ. ಹೀರೋಯಿನ್ ಅಂದ್ರೆ ಒಂದು ಗತ್ತು ಬೇಕಲ್ವಾ? ನಿಮ್ ಭಾಷೆ ಎಲ್ಲೂ ಹೋಗಲ್ಲ. ಅಡುಗೆ ಶರಣಮ್ಮ ಅಂತ ಹೊಸ ಕ್ಯಾರೆಕ್ಟರ್ ಇದೆ, ಪೂರ್ತಿ ನಿಮ್ ಭಾಷೇನೆ. ಕಾಮಿಡಿಗೆ ಸಖತ್ ಸೂಟ್ ಆಗುತ್ತೆ.”

ಗತ್ತು ಬೇಕಂತೆ! ಸೇತುವೆ ಹೊತ್ತವಳಿಗೆ ಇಲ್ಲದ ಗತ್ತು ಇವನ ಕಾಫಿ ಕಪ್ಪಿನಲ್ಲಿತ್ತೇನೋ. ವಿಜಯಲಕ್ಷ್ಮಿ ಸಿಟ್ಟು ನುಂಗಿಕೊಂಡು ಪ್ರತಿಯನ್ನು ಮನೆಗೆ ತಂದಳು.

ಆ ಸಂಜೆ ಎಂದಿನಂತೆ ಓದಿದಳು. “ಭಯಪಡಬೇಡಿ, ನಾನು ಬಂದಿದ್ದೇನೆ,” ಎಂದದ್ದೇ ದುಂಡವ್ವನ ಕೈ ನಿಂತಿತು.

“ಇದ್ಯಾರು ಮಾತಾಡಿದ್ದು?”

“ಸಿಡಿಲವ್ವ.”

ಮಗಳು ಮುಂದೆ ಓದಿದಳು. ಶರಣಮ್ಮ ಹೆದರಿ, ಬೊಬ್ಬೆ ಹೊಡೆದು, ದೋಸೆಹಿಟ್ಟಿನ ಡ್ರಮ್ಮಿನೊಳಗೆ ಮುಗ್ಗರಿಸಿ ಬೀಳುತ್ತಾಳೆ.

“ಈಕಿ ನಮ್ಮ ಕಡೆಯಾಕಿ ಏನು?”

“ಹೂಂ ಯವ್ವಾ.”

“ಮತ್ತ ಹಿಂಗ್ಯಾಕ ಬೀಳ್ತಾಳ?”

“ಮಂದಿ ನಗಲಿ ಅಂತ.”

“ಬಸ್ಸಿನ್ಯಾಗ ನಗ್ತಾರಲ್ಲ, ಅದು ಸಾಲಲಿಲ್ಲೇನು?”

ಹಂಚಿನ ಮೇಲಿದ್ದ ರೊಟ್ಟಿ ಸೀದು ಕರಿಯಾಯಿತು. ವಿಜಯಲಕ್ಷ್ಮಿ ಕಂಡಂತೆ ತಾಯಿ ರೊಟ್ಟಿ ಸೀಯಿಸಿದ್ದು ಅದೇ ಮೊದಲು.

ಮರುದಿನ ಅವಳು ವಿಶ್ರುತನ ಮೇಜಿನ ಮೇಲೆ ಆ ಪ್ರತಿ ಇಟ್ಟು, ಇದನ್ನು ನಾನು ಬರೆಯುವುದಿಲ್ಲ, ನನ್ನ ಸಿಡಿಲವ್ವನನ್ನು ನನಗೆ ಕೊಡಿ ಎಂದಳು.

“ಕ್ಯಾರೆಕ್ಟರ್ ಕಂಪನೀದು ಮೇಡಂ. ಅಗ್ರಿಮೆಂಟಿಗೆ ನೀವೇ ಸೈನ್ ಮಾಡಿದೀರ,” ಎಂದ ಅವನು, ಮೆಲ್ಲಗೆ, ಮರ್ಯಾದೆಯಿಂದ.

ಹೌದು, ಮಾಡಿದ್ದಳು. ಏಳು ವರ್ಷದ ಹಿಂದೆ, ಮೊದಲ ಕತೆ ಅಚ್ಚಾಗುವ ಖುಷಿಯಲ್ಲಿ, ಓದದೆಯೇ. ಹೊಸಬರ ಖುಷಿಯನ್ನೇ ನೋಡಿ ಕಾಗದ ಮುಂದೆ ಹಿಡಿಯುವ ಜನರಿಗೆ ಏನು ಹೇಳುವುದು? ಹೆತ್ತವಳೊಬ್ಬಳು, ಹಕ್ಕುದಾರರು ಇನ್ನೊಬ್ಬರು.

“ಹೆಸರು ನೀವ ಇಟ್ಗೋರಿ ಸಾರ್,” ಎಂದಳು. “ಆಕಿ ಬಾಯಾಗಿನ ಮಾತು ನಮ್ಮವ್ವಂದು. ಅದನ್ನ ನಾ ನಿಮಗ ಬರದು ಕೊಟ್ಟಿಲ್ಲ.”

ಎರಡು ವಾರದ ನಂತರ ಫೋನು ಬಂತು. ಹಿಟ್ಟು ನಾದುತ್ತಿದ್ದ ವಿಜಯಲಕ್ಷ್ಮಿ ಸ್ಪೀಕರ್ ಹಾಕಿದಳು. ಪಕ್ಕದಲ್ಲಿ ದುಂಡವ್ವ ರೊಟ್ಟಿ ಬಡಿಯುತ್ತಿದ್ದಳು.

“ಅಕ್ಕ, ನಾನು ಲಿಖಿತಾ. ಸಿಡಿಲವ್ವನ್ನ ಈಗ ನಾನ್ ಬರೀತಿದೀನಿ. ಒಂದು ಹೆಲ್ಪ್ ಬೇಕಿತ್ತು. ಶರಣಮ್ಮ ಡ್ರಮ್ಮಲ್ಲಿ ಬೀಳ್ತಾಳಲ್ಲ, ಆಗ ನಿಮ್ ಕಡೆ ಭಾಷೇಲಿ ಏನನ್ಬೇಕು? ಸ್ವಲ್ಪ ನಗು ಬರೋ ಹಂಗೆ.”

ದುಂಡವ್ವನ ಕೈ ನಿಂತಿತು. ವಿಜಯಲಕ್ಷ್ಮಿಗೆ ಕೋಪ ನೆತ್ತಿಗೇರಿತು. ಆದರೆ ದನಿ ಎಳೆಯದು, ಆ ಹುಡುಗಿಯೂ ಓದದೆ ಸಹಿ ಹಾಕಿರಬೇಕು.

“ನಮ್ಮ ಕಡೆ ಬಿದ್ದಾಕಿ ಏನೂ ಅನ್ನಂಗಿಲ್ಲವ್ವಾ. ಎದ್ದು ನಿಂತ ಮ್ಯಾಲ ಅಂತಾಳ.”

“ಎದ್ದ ಮೇಲೆ ಏನಂತಾಳೆ ಅಕ್ಕ?”

“ಅದನ್ನ ಬರಿಯಾಕ ನಿಮ್ಮ ಕಂಪನಿ ಒಪ್ಪಿದ ದಿವಸ ಕೇಳು. ಹೇಳ್ತೀನಿ.”

ಫೋನು ಇಟ್ಟಳು. ದುಂಡವ್ವ ಮತ್ತೆ ರೊಟ್ಟಿ ಬಡಿಯತೊಡಗಿದಳು.