ಮನೆಯೊಡತಿಗೆ ನಾನು ಹೇಳಿದ ಮಾತು

ಯುಗಾದಿ ಕಳೆದು ನಾಲ್ಕನೇ ದಿನ, ಬೆಳಗಿನ ಒಂಬತ್ತೂವರೆಗೆ, ನಿಂಬರ್ಗಾದ ಬಸವಣ್ಣನ ಗುಡಿಯ ಕಟ್ಟೆಯ ಕೆಳಗೆ ನಾನು ನಿಂತಿದ್ದೆ. ಎಡಕ್ಕೆ ಎರಡು ಮಾರು ದೂರದಲ್ಲಿ ಗಂಡ, ಬಲಕ್ಕೆ ಅಷ್ಟೇ ದೂರದಲ್ಲಿ ಹೆಂಡತಿ. ರೊಟ್ಟಿ ಬಡಿದೂ ಬಡಿದೂ ಆಕೆಯ ಬಲ ಅಂಗೈಯ ಗೆರೆಗಳೆಲ್ಲ ಅಳಿಸಿಹೋಗಿದ್ದವು. ಎಂಬತ್ತರ ದಶಕದ ಮಾತು. ನಾನು ಅವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಶಾಲೆಯ ಮಾಸ್ತರ. ಆಕೆ ನನ್ನ ಮನೆಯೊಡತಿ, ಅರವತ್ತರ ಹತ್ತಿರದವಳು.

ಗಂಡ ಆಕೆಯೊಡನೆ ನೇರ ಮಾತು ಬಿಟ್ಟು ಹದಿನಾರು ವರ್ಷವಾಗಿತ್ತು. ದೊಡ್ಡ ಮಗಳ ನಿಶ್ಚಯದಲ್ಲಿ ಆತ ಹುಡುಗಿಗೆ ಹದಿನೆಂಟು ಎಂದಾಗ, ಈಕೆ ಬೀಗರೆದುರು ಹದಿನಾಲ್ಕು ಎಂದುಬಿಟ್ಟಿದ್ದಳು. ಅಂದಿನಿಂದ ಎಲ್ಲವೂ ಮಕ್ಕಳ ಮೂಲಕ. ಕೊನೆಯ ಮಗಳೂ ಗಂಡನ ಮನೆಗೆ ಹೋದ ಮೇಲೆ ನನ್ನ ಮೂಲಕ.

"ಮಾಸ್ತರ, ಸಾರಿಗಿ ಉಪ್ಪಿಲ್ಲಂತ ಹೇಳ್ರಿ ಅಕಿಗಿ."

ಆಕೆ ಅಲ್ಲೇ, ಕೈಗೆ ಸಿಗುವಷ್ಟು ಹತ್ತಿರ ಕೂತಿರುತ್ತಿದ್ದಳು. "ನಮ್ಮವರದು ಟ್ರಂಕ್ ಕಾಲ್ ಐತ್ರಿ, ನಡುವ ಆಪರೇಟರ್ ಬೇಕು" ಎಂದು ನಗುತ್ತಿದ್ದಳು. ತಾನು ಮಾತ್ರ ಒಂದು ದಿನವೂ ನನ್ನನ್ನು ನಡುವೆ ತರಲಿಲ್ಲ, ಗಂಡನ ಮುಖ ನೋಡಿಯೇ ಕೇಳುತ್ತಿದ್ದಳು, "ಇನ್ನೊಂದು ರೊಟ್ಟಿ ಹಾಕ್ಲೇನ್ರಿ?" ನನಗೆ ಆಗ ಅದೆಲ್ಲ ಮೋಜೆನಿಸುತ್ತಿತ್ತು. ಮುಚ್ಚಿಡುವುದಿಲ್ಲ.

ಪರೀಕ್ಷೆಯ ಕೆಲಸಕ್ಕೆ ಎರಡು ದಿನ ಆಳಂದಕ್ಕೆ ಹೋಗಿ ಸಂಜೆ ಮರಳಿದಾಗ ಆಕೆ ಒಲೆಯ ಮುಂದಿದ್ದಳು, ಆತ ಪಡಸಾಲೆಯಲ್ಲಿ.

"ಮಾಸ್ತರ, ಅಕಿಗಿ ಹೇಳ್ರಿ. ತವರೂರು ಇಜೇರ್ಯಾಗ ಅವರವ್ವ ಸತ್ತಾಳಂತ."

"ಯಾವಾಗ್ರಿ?"

"ಮೊನ್ನಿ ಆಳು ಬಂದಿದ್ದ. ಅಕಿ ಹೊಲಕ್ಕ ಹೋಗಿದ್ಲು. ಮಣ್ಣೂ ಆಗಿರ್ತದ."

"ಬಂದ ಮ್ಯಾಲ ನೀವ್ಯಾಕ ಹೇಳಲಿಲ್ರಿ?"

"ನೀವು ಇರ್ಲಿಲ್ಲಲ್ಲ."

ಆಕೆಗೆ ಎಲ್ಲ ಕೇಳಿಸಿತ್ತು. ಆದರೂ ಆತ ನನ್ನನ್ನೇ ನೋಡುತ್ತಿದ್ದ. ನಾನು ಒಳಗೆ ಹೋಗಿ ಹೇಳಿದೆ. ಹಂಚಿನ ಮೇಲಿನ ರೊಟ್ಟಿ ಕರಿಯಾಗುವವರೆಗೂ ಆಕೆ ಅದನ್ನು ತಿರುವಲಿಲ್ಲ.

ವಾರದೊಳಗೆ ಆಕೆ ಆ ಗುಡಿಯ ಕಟ್ಟೆಗೆ ಪಂಚರನ್ನು ಕೂಡಿಸಿ ಸೋಡಚೀಟಿ, ಅಂದರೆ ಬಿಡುಗಡೆಯ ಕಾಗದ, ಕೇಳಿದಳು. ಪಂಚರ ಹಿರಿಯ ನಕ್ಕ. "ಸೋಡಚೀಟಿ ತೊಗೊಂಡು ಈಗ ಯಾರ ಕೂಡ ಲಗ್ನ ಆಗ್ತಿ ಬೇ, ಮುದುಕಿ?"

"ಲಗ್ನ ಸಾಕಾಗ್ಯಾದ್ರಿ ಯಪ್ಪಾ. ಕಾಗದ ಇಲ್ಲಂದ್ರೂ ನಡೀತದ. ನನ್ನ ಮಾರಿ ನೋಡಿ, ತನ್ನ ಬಾಯಿಲೆ ಹೋಗು ಅನ್ನಲಿ. ಅಷ್ಟ ಕೇಳ್ತೇನಿ, ಹೋಗ್ತೇನಿ."

ಆಕೆ ಸೆರಗು ಸರಿಮಾಡಿಕೊಂಡು ಕಾದಳು. ಆತ ನನ್ನ ಕಡೆ ತಿರುಗಿದ.

"ಮಾಸ್ತರ, ಹೋಗಂತ ಹೇಳ್ರಿ ಅಕಿಗಿ."

ಆಕೆ ನನ್ನನ್ನು ನೋಡಿ ಬೇಡವೆಂದು ತಲೆಯಾಡಿಸಿದಳು. ಪಂಚರೂ ನೋಡುತ್ತಿದ್ದರು. ಸುಮ್ಮನಿರಬಹುದಿತ್ತು.

"ಅವ್ವಾರ, ಹೋಗ್ರಿ ಅಂತಾರ" ಎಂದೆ.

"ಆತು, ಮುಗೀತು" ಎಂದು ಹಿರಿಯ ಎದ್ದ.

ಅಫಜಲಪುರದ ಒಂದು ಖಾನಾವಳಿಯಲ್ಲಿ ಏಳು ವರ್ಷ ರೊಟ್ಟಿ ಬಡಿದು ಆಕೆ ಅಲ್ಲೇ ತೀರಿಕೊಂಡಳು. ಎರಡು ಸಲ ಊಟಕ್ಕೆ ಹೋಗಿದ್ದೆ. ಗುರುತು ಹಿಡಿದಳು, ಬಿಸಿ ರೊಟ್ಟಿ ಬಡಿಸಿದಳು, ಮಾತಾಡಲಿಲ್ಲ.

ಗಂಡ, ಪಂಚರು ಯಾರೂ ಈಗಿಲ್ಲ. ಕಂಡವರಲ್ಲಿ ಉಳಿದವಳು, ನನ್ನನ್ನು ಬಿಟ್ಟರೆ, ಜೇವರ್ಗಿಯಲ್ಲಿರುವ ಅವರ ಕೊನೆಯ ಮಗಳೊಬ್ಬಳೇ. ಪಂಚಾಯ್ತಿಯ ಸುದ್ದಿ ಕೇಳಿ ತವರಿಗೆ ಬಂದಿದ್ದವಳು ಅಂದು ಗುಡಿಯ ಬಾಗಿಲಲ್ಲಿ ನಿಂತಿದ್ದಳು. ಮೇಲೆ ನಾನು ಬರೆಯದೆ ಬಿಟ್ಟದ್ದೊಂದಿದೆ: ನನ್ನ ಕಡೆ ತಿರುಗುವ ಮೊದಲು ಆತ ಅವಳ ಕಡೆ ತಿರುಗಿದ್ದ. "ನಾ ಹೇಳಂಗಿಲ್ಲ ಯಪ್ಪಾ" ಎಂದಿದ್ದಳು ಅವಳು.